ಗೇನ್ ಏರಿಸಿದರೆ ಸದ್ದು ಏರುವುದೇ?

ಮೊಬೈಲಿನ ಹಾಡನ್ನು ಸ್ಪೀಕರಿನಲ್ಲಿ ಕೇಳಬೇಕೆಂದು ಮೊದಲ ಸಲ ಬೆಸುಗೆ ಹಾಕಲು ಕೂತವರಲ್ಲಿ ಬಹಳ ಮಂದಿ ಎಲ್‌ಎಂ386 ಎಂಬ ಎಂಟು ಕಾಲಿನ ಆಂಪ್ಲಿಫೈಯರ್ ಐಸಿಯಿಂದ ಶುರು ಮಾಡುತ್ತಾರೆ. ಅದರ 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದರೆ ಗೇನ್, ಅಂದರೆ ಸಿಗ್ನಲ್ ವೋಲ್ಟೇಜ್ ಹಿಗ್ಗುವ ಪಟ್ಟು, 20ರಿಂದ 200ಕ್ಕೆ ಏರುತ್ತದೆ. ಸದ್ದೂ ಹತ್ತು ಪಟ್ಟಾಗುತ್ತದೆ ಎಂಬ ನಂಬಿಕೆ ಹುಟ್ಟುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. ಇಯರ್‌ಫೋನ್ ಕಿಂಡಿಯಿಂದ ಅರ್ಧ ವೋಲ್ಟ್ ಬಂತೆನ್ನಿ. ಅದರ 20 ಪಟ್ಟು 10 ವೋಲ್ಟ್. ಬ್ಯಾಟರಿಯಲ್ಲಿರುವುದೇ 9! ಇಲ್ಲದ ವೋಲ್ಟೇಜನ್ನು ಐಸಿ ಎಲ್ಲಿಂದ ತಂದೀತು? ಅಲೆಯ ನೆತ್ತಿ, ತಳ ಎರಡೂ ಕತ್ತರಿಸಿಹೋಗಿ ಹಾಡು ಕರಕರ ಎನ್ನುತ್ತದೆ. 200ರ ಗೇನ್ ಬೇಕಾಗುವುದು ಮೈಕಿನಿಂದ ಬರುವ ಕೆಲವೇ ಮಿಲಿವೋಲ್ಟಿಗೆ. ಮೊಬೈಲಿಗಾದರೆ ಆ ಎರಡು ಕಾಲುಗಳನ್ನು ಖಾಲಿ ಬಿಟ್ಟು, ಇನ್‌ಪುಟ್ಟಿಗೆ 10 ಕಿಲೋಓಮ್‌ನ ವಾಲ್ಯೂಮ್ ಕಂಟ್ರೋಲ್ ಹಾಕಿ.

ಆಂಪ್ಲಿಫೈಯರ್ ಸಣ್ಣ ಸದ್ದನ್ನು ಹಿಗ್ಗಿಸುತ್ತದೆ ಎನ್ನುವ ಮಾತೇ ದಾರಿ ತಪ್ಪಿಸುವಂಥದ್ದು. ಅದು ಕೆರೆಯ ತೂಬಿನ ಹಾಗೆ. ತೂಬು ಎತ್ತುವ ಕೈ ನೀರು ಕೊಡುವುದಿಲ್ಲ, ನೀರು ಕೆರೆಯದು. ಇಲ್ಲಿ ಸಿಗ್ನಲ್ ಕೈ, ಬ್ಯಾಟರಿ ಕೆರೆ.

ಹಾಗಾದರೆ 9 ವೋಲ್ಟಿನ ಚೌಕ ಬ್ಯಾಟರಿ ದೊಡ್ಡ ಕೆರೆಯೇ? ವೋಲ್ಟೇಜ್ ಹೆಚ್ಚಾದರೂ ಅದರ ಒಳರೋಧ ಹೆಚ್ಚು. ಡೋಲಿನ ಒಂದು ಪೆಟ್ಟಿಗೇ ವೋಲ್ಟೇಜ್ ಕುಸಿಯುತ್ತದೆ, ಕೆಲವೊಮ್ಮೆ ಸ್ಪೀಕರ್ ಬುಡುಬುಡು ಎನ್ನತೊಡಗುತ್ತದೆ. ನಾಲ್ಕು ಪೆನ್‌ಸೆಲ್ ಜೋಡಿಸಿದ 6 ವೋಲ್ಟ್ ಇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. 8 ಓಮ್ ಸ್ಪೀಕರಿಗೆ ಸುಮಾರು 0.3 ವ್ಯಾಟ್ ಸಿಗುತ್ತದೆ. ಒಂದು ಕೋಣೆಗೆ ಅಷ್ಟು ಧಾರಾಳ.

ಇಷ್ಟು ಕಡಿಮೆಯೇ ಎನ್ನಬೇಡಿ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರಿನ ಬೆನ್ನ ಮೇಲಿನ '10 ವ್ಯಾಟ್' ಕೂಡ ಅದು ತಾಳಿಕೊಳ್ಳುವ ಮಿತಿಯೇ ಹೊರತು ಕೊಡುವ ಸದ್ದಲ್ಲ.

ಈ ಐಸಿಯ ಬದಲು ಪಿಎಎಂ8403 ಎಂಬ ಆಂಪ್ಲಿಫೈಯರ್ ಬೋರ್ಡ್ ಬಳಸುವವರಿಗೆ ಒಂದು ಮಾತು. ಸ್ಪೀಕರಿನ ಒಂದು ತಂತಿ ನೆಗೆಟಿವ್‌ಗೇ ಹೋಗಬೇಕೆಂಬ ರೂಢಿ ಇಲ್ಲಿ ನಡೆಯದು. ಅದರ ಎರಡೂ ತಂತಿಗಳಲ್ಲಿ ಸಿಗ್ನಲ್ ಇರುತ್ತದೆ. ಗ್ರೌಂಡಿಗೆ ಕೂಡಿಸಿದರೆ ಐಸಿ ಸುಡಬಹುದು.

ಸದ್ದು ಸಾಲದು ಎನ್ನಿಸಿದಾಗ ನಾನು ಮೊದಲು ನೋಡುವುದು ಸ್ಪೀಕರ್ ಬರಿಮೈಯಲ್ಲಿದೆಯೇ ಎಂದು. ಅದರ ಮುಂದಿನ ಗಾಳಿ ಒತ್ತಿದಾಗ ಹಿಂದಿನದು ಸಡಿಲುತ್ತದೆ. ಎರಡೂ ಅಂಚು ಸುತ್ತಿ ಬಂದು ಕೂಡಿದರೆ ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಚಪ್ಪಲಿ ಡಬ್ಬಿಗೆ ಸ್ಪೀಕರಿನಷ್ಟೇ ಅಗಲದ ತೂತು ಕೊರೆದು, ಒಳಗಿನಿಂದ ಅಂಟಿಸಿ, ಮುಚ್ಚಳ ಬಿಗಿಯಾಗಿ ಮುಚ್ಚಿ. ಸರ್ಕ್ಯೂಟಿನ ಒಂದು ತಂತಿಯನ್ನೂ ಮುಟ್ಟದೆ, ಅಷ್ಟು ಹೊತ್ತು ಕೇಳಿಸದಿದ್ದ ಮೃದಂಗದ ಎಡಮುಖದ ನಾದ ಹೊರಬರುತ್ತದೆ.