ಸಾರಿಗೆಯ ಮೂಲಧನ: ಹೈದರಾಬಾದಿನ ಎರಡು ಕರಾರುಗಳು ಮತ್ತು ಪಾದಚಾರಿಯ ಪಾಲು

ಕೆಲವು ತಿಂಗಳುಗಳ ಹಿಂದೆ ನಮ್ಮ ಬಡಾವಣೆಯ ಹಿರಿಯರಿಬ್ಬರು ನಾನು ಕೆಲಸಮಾಡುವ ಬ್ಯಾಂಕಿಗೆ ಬಂದಿದ್ದರು. ಶಾಲೆಯ ಮುಂದಣ ಮುಖ್ಯರಸ್ತೆಯನ್ನು ಮಕ್ಕಳು ಕ್ಷೇಮವಾಗಿ ದಾಟುವಂತೆ ಒಂದು ಕಾಲ್ಸೇತುವೆ ಆಗಬೇಕು. ಸಂಘದ ಹೆಸರಿನಲ್ಲಿ ಸಾಲ ದೊರೆಯಬಹುದೇ ಎಂಬುದು ಅವರ ವಿಚಾರಣೆ. ಸಾಲ ಕೊಡುವವನು ಮೊದಲು ಕೇಳುವ ಪ್ರಶ್ನೆ ಒಂದೇ: ಮರುಪಾವತಿ ಯಾವ ಆದಾಯದಿಂದ? ರಸ್ತೆ ದಾಟುವ ಮಗುವಿನಿಂದ ಸುಂಕ ವಸೂಲಾಗದು. ಅವರನ್ನು ಬರಿಗೈಯಲ್ಲಿ ಕಳುಹಿಸಿಕೊಟ್ಟೆನು. ಅಂದು ನಾನು ಕೊಟ್ಟ ಉತ್ತರ ಬ್ಯಾಂಕಿನ ದೃಷ್ಟಿಯಿಂದ ಸರಿಯಾದುದೇ. ಆದರೆ ನಮ್ಮ ನಗರದ ಸಾರಿಗೆಗೆ ಹಣ ಒದಗಿದ ಚರಿತ್ರೆಯನ್ನು ಓದಿದ ಮೇಲೆ ಅದು ಪೂರ್ತಿ ಉತ್ತರವಲ್ಲವೆಂದು ತೋರಿತು.

ಈ ಚರಿತ್ರೆ ಕನ್ನಡ ನೆಲದಿಂದಲೇ ಮೊದಲಾಗುತ್ತದೆ. ಮುಂಬಯಿ-ಮದರಾಸು ಮಾರ್ಗದ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದುದು 1874ರಲ್ಲಿ. ಚಿತ್ತಾಪುರ, ಸೇಡಂಗಳ ಮೇಲೆ ಹಾದು ಬರುವ ಈ ದಾರಿಯಲ್ಲೇ ನಮ್ಮಲ್ಲಿ ಅನೇಕರ ಹಿರಿಯರು ಹೈದರಾಬಾದಿಗೆ ಬಂದರು. ಅದನ್ನು ಪೂರ್ವಕ್ಕೆ ವಿಸ್ತರಿಸಲು ಹೊಸ ಮೂಲಧನ ಬೇಕಾದಾಗ, 1883ರಲ್ಲಿ, ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೇಸ್ ಎಂಬ ಕಂಪನಿಯೊಡನೆ ಕರಾರಾಯಿತು. ‘ಗ್ಯಾರಂಟೀಡ್’ ಎಂಬ ಮಾತನ್ನು ಗಮನಿಸಬೇಕು. ಕಂಪನಿ ತೊಡಗಿಸಿದ ಮೂಲಧನಕ್ಕೆ 20 ವರ್ಷಗಳ ಕಾಲ ಶೇಕಡಾ 5ರ ಪ್ರತಿಫಲವನ್ನು ಸಂಸ್ಥಾನವು ಖಾತರಿಯಾಗಿ ಕೊಡತಕ್ಕದ್ದು. ರೈಲಿನ ಗಳಿಕೆ ಅಷ್ಟು ಬಾರದಿದ್ದರೆ ಕೊರತೆಯನ್ನು ಖಜಾನೆ ತುಂಬಬೇಕು. ಲಾಭ ಕಂಪನಿಯದು, ಅಪಾಯ ಪ್ರಜೆಯದು.

ಇದನ್ನು ಆಗಲೇ ಪ್ರಶ್ನಿಸಿದವರುಂಟು. ಚಾಂದಾ ರೈಲ್ವೆ ಯೋಜನೆಯೆಂದು ಪ್ರಸಿದ್ಧವಾದ ಈ ಏರ್ಪಾಟಿನ ನಿಬಂಧನೆಗಳು ಪ್ರಜೆಗಳ ಮುಂದೆ ಚರ್ಚೆಗೆ ಬರಬೇಕೆಂದು ಕೇಳಿದವರಲ್ಲಿ ಡಾ. ಅಘೋರನಾಥ ಚಟ್ಟೋಪಾಧ್ಯಾಯರು ಪ್ರಮುಖರು. ಸರೋಜಿನಿ ನಾಯಿಡು ಅವರ ತಂದೆಯೆಂದೇ ಅವರನ್ನು ಇಂದು ಬಹುಮಂದಿ ಬಲ್ಲರು. ಸಾಲದ ಷರತ್ತನ್ನು ವಿಚಾರಿಸಿದ ಕಾರಣಕ್ಕೆ 1883ರ ಮೇ ತಿಂಗಳಲ್ಲಿ ಗಡೀಪಾರಾದವರೆಂದು ಬಲ್ಲವರು ಕಡಿಮೆ. 1930ರಲ್ಲಿ ಸಂಸ್ಥಾನವೇ ಆ ರೈಲ್ವೆಯನ್ನು ಕೊಂಡುಕೊಂಡಿತು. ಕೊಂಡ ಮೇಲೆ ಆದ ಒಳಿತೂ ಉಂಟು. 1932ರಲ್ಲಿ ಅದೇ ರೈಲ್ವೆಯ ರಸ್ತೆ ಸಾರಿಗೆ ಶಾಖೆ 27 ಬಸ್ಸುಗಳನ್ನೂ 166 ನೌಕರರನ್ನೂ ಇಟ್ಟುಕೊಂಡು ಆರಂಭವಾಯಿತು. ಇಂದಿನ ತೆಲಂಗಾಣ, ಆಂಧ್ರಗಳ ಸರಕಾರಿ ಬಸ್ಸಿನ ಮೂಲ ಅದೇ.

ಎರಡನೆಯ ಕರಾರು ನಮ್ಮ ಕಣ್ಣೆದುರಿಗೆ ನಡೆದುದು, ಮೆಟ್ರೋ ರೈಲಿನದು. 2008ರಲ್ಲಿ ಮೇಟಾಸ್ ನೇತೃತ್ವದ ಕೂಟ ಸರಕಾರದಿಂದ ಅನುದಾನ ಬೇಡವೆಂದುದು ಮಾತ್ರವಲ್ಲ, ತಾನೇ ಸರಕಾರಕ್ಕೆ 30,311 ಕೋಟಿ ರೂಪಾಯಿ ಕೊಡುವುದಾಗಿ ಹೇಳಿ ಗುತ್ತಿಗೆ ಪಡೆಯಿತು. ದೆಹಲಿ ಮೆಟ್ರೋದ ಇ. ಶ್ರೀಧರನ್ ಅವರು, ಖಾಸಗಿಯವರಿಗೆ ಅಪಾರ ಭೂಮಿಯನ್ನು ಒಪ್ಪಿಸುವ ಈ ಏರ್ಪಾಟನ್ನು ಆಗಲೇ ಆಕ್ಷೇಪಿಸಿದ್ದರು. 2009ರ ಜನವರಿಯಲ್ಲಿ ಸತ್ಯಂ ಹಗರಣ ಹೊರಬಿದ್ದಿತು; ಕೂಟಕ್ಕೆ ಸಾಲ ಹೊಂದಿಸಲಾಗದೆ ಆ ಜುಲೈಯಲ್ಲಿ ಗುತ್ತಿಗೆ ರದ್ದಾಯಿತು. 2010ರ ಸೆಪ್ಟೆಂಬರಿನಲ್ಲಿ ಲಾರ್ಸನ್ ಅಂಡ್ ಟೂಬ್ರೋ ಸಂಸ್ಥೆಯೊಡನೆ 35 ವರ್ಷಗಳ ಹೊಸ ಕರಾರಾಯಿತು.

ಹಣದ ಲೆಕ್ಕವನ್ನು ವಾಚಕರು ತಾಳ್ಮೆಯಿಂದ ನೋಡಬೇಕೆಂದು ಕೋರುತ್ತೇನೆ. ಇದು ನನ್ನ ಕಸುಬು. ಒಟ್ಟು ಅಂದಾಜು 16,375 ಕೋಟಿ. ಇದರಲ್ಲಿ 14,132 ಕೋಟಿ ರೈಲಿಗೆ, ಉಳಿದುದು ಕಟ್ಟಡ ವ್ಯಾಪಾರಕ್ಕೆ. ಸ್ಟೇಟ್ ಬ್ಯಾಂಕಿನ ಮುಂದಾಳುತನದಲ್ಲಿ ಹತ್ತು ಬ್ಯಾಂಕುಗಳು 2011ರಲ್ಲಿ ಒಪ್ಪಿದ ಸಾಲ 11,478 ಕೋಟಿ. ಕೇಂದ್ರದ ಅನುದಾನ 1,458 ಕೋಟಿ. ಉಳಿದ 3,439 ಕೋಟಿ ಸಂಸ್ಥೆಯ ಸ್ವಂತ ಬಂಡವಾಳ. ಕೇಂದ್ರ ಕೊಟ್ಟುದಕ್ಕೆ ವಯಬಿಲಿಟಿ ಗ್ಯಾಪ್ ಫಂಡಿಂಗ್ ಎಂದು ಹೆಸರು. ಸಮಾಜಕ್ಕೆ ಉಪಯುಕ್ತವಾದ ಕೆಲಸವೊಂದು ಟಿಕೇಟಿನ ಆದಾಯದಿಂದಷ್ಟೇ ನಿಲ್ಲಲಾರದಾದರೆ, ಆ ಅಂತರವನ್ನು ಸರಕಾರ ಒಮ್ಮೆಗೆ ತುಂಬಿಕೊಡುವ ಪದ್ಧತಿ ಇದು. 1883ರ ಖಾತರಿಗಿಂತ ಇದು ಮೇಲು, ಏಕೆಂದರೆ ವರ್ಷವರ್ಷವೂ ಕೊರತೆ ತುಂಬುವ ಭಾರ ಖಜಾನೆಯ ಮೇಲೆ ಬೀಳದು ಎಂದು ಬ್ಯಾಂಕಿನವರೆಲ್ಲರೂ ನಂಬಿದ್ದೆವು.

ನಡೆದುದು ಬೇರೆ. 2017ರ ನವೆಂಬರಿನಲ್ಲಿ ರೈಲು ಓಡಿತು, 2020ರ ಫೆಬ್ರವರಿಯಲ್ಲಿ 69 ಕಿಲೋಮೀಟರು ಪೂರ್ಣವಾಯಿತು, ಮರುತಿಂಗಳೇ ಕೋವಿಡ್ ಎರಗಿತು. ಯೋಜನೆಯಲ್ಲಿ ದಿನಕ್ಕೆ 15 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರನ್ನು ಎಣಿಸಿದ್ದರೆ, ಬಂದವರು 5 ಲಕ್ಷದ ಆಸುಪಾಸಿನಲ್ಲೇ ನಿಂತರು. 269 ಎಕರೆ ಭೂಮಿಯ ಮೇಲಣ ವ್ಯಾಪಾರವೂ ಎಣಿಸಿದಷ್ಟು ಫಲಿಸಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರಕಾರ ಸುಮಾರು 13,000 ಕೋಟಿಯ ಸಾಲವನ್ನು ತಾನು ಹೊತ್ತು, ಬಂಡವಾಳಕ್ಕಾಗಿ ಸುಮಾರು 2,000 ಕೋಟಿಯನ್ನು ತೆತ್ತು, ಮೆಟ್ರೋವನ್ನು ವಹಿಸಿಕೊಳ್ಳಲು ತತ್ವತಃ ಒಪ್ಪಿತು. ಮೊದಲ ಕರಾರಿನಿಂದ ಸರಕಾರದ ಖರೀದಿಯವರೆಗೆ 47 ವರ್ಷ ಹಿಡಿದಿತ್ತು. ಎರಡನೆಯದರಲ್ಲಿ 15 ವರ್ಷ ಸಾಕಾಯಿತು. ಬೆಂಗಳೂರಿನ ಮೆಟ್ರೋ ಮೊದಲಿನಿಂದಲೂ ಕೇಂದ್ರ ಮತ್ತು ರಾಜ್ಯಗಳ ಸಮಪಾಲಿನ ಕಂಪನಿಯದು. ಕೆಲಸ ತಡವಾದುದೇನೋ ನಿಜ, ಆದರೆ ಹೊಣೆ ಯಾರದೆಂಬ ವಿಷಯದಲ್ಲಿ ಅಲ್ಲಿ ಭ್ರಮೆಗೆ ಎಡೆಯಿರಲಿಲ್ಲ.

ಇದರಿಂದ ಹೊರಡುವ ಅರ್ಥ ಇಷ್ಟೆ. ಆದಾಯವುಳ್ಳ ಸಾರಿಗೆಗೂ ಕೊನೆಗೆ ಜಾಮೀನು ನಿಲ್ಲುವುದು ಸಾರ್ವಜನಿಕ ಖಜಾನೆಯೇ. ಹಾಗಿದ್ದಮೇಲೆ, ಆದಾಯವಿಲ್ಲದ ಕಾರಣದಿಂದ ರಸ್ತೆಯ ಸುರಕ್ಷತೆಗೆ ಹಣವಿಲ್ಲವೆಂಬ ವಾದ ನಿಲ್ಲದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದುಹೋಗುತ್ತಿದ್ದವರು. ಉಪ್ಪಲಿನಲ್ಲಿ ಮೆಟ್ರೋ ನಿಲ್ದಾಣದ ಬಳಿ 2023ರಲ್ಲಿ ಎಚ್‌ಎಂಡಿಎ ತೆರೆದ ಆಕಾಶನಡಿಗೆಗೆ ತಗುಲಿದ ವೆಚ್ಚ 25 ಕೋಟಿ. ಮೇಲಿನ 16,375 ಕೋಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬಹುದು.

ಹಾಗಾದರೆ ಇಂಥ ಕೆಲಸಗಳಿಗೆ ಹಣ ಬರುವ ಬಾಗಿಲುಗಳಾವುವು? ಒಂದು, ಶಾಸನದಿಂದ ಹುಟ್ಟಿದ ನಿಧಿ. ಕೇರಳವು 2007ರಲ್ಲಿಯೂ ಕರ್ನಾಟಕವು 2017ರಲ್ಲಿಯೂ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯಿದೆ ಮಾಡಿ, ವಾಹನಗಳ ಉಪಕರ, ದಂಡದ ಹಣ ಮುಂತಾದುವು ಪ್ರತ್ಯೇಕ ನಿಧಿಗೆ ಸೇರುವಂತೆ ಮಾಡಿದವು. ಆಯವ್ಯಯದಲ್ಲಿ ಪ್ರತಿವರ್ಷ ಬೇಡುವ ದೈನ್ಯ ಇದರಿಂದ ತಪ್ಪುತ್ತದೆ. ಎರಡು, ಅಂತಾರಾಷ್ಟ್ರೀಯ ಅನುದಾನ. ಮೈಸೂರಿನ ‘ಟ್ರಿಣ್ ಟ್ರಿಣ್’ ಸೈಕಲ್ ಯೋಜನೆ 450 ಸೈಕಲುಗಳೊಡನೆ 2017ರಲ್ಲಿ ಹೊರಟುದು ಜಾಗತಿಕ ಪರಿಸರ ನಿಧಿಯ ನೆರವಿನಿಂದ. ವಿಶ್ವಸಂಸ್ಥೆಯ ರಸ್ತೆ ಸುರಕ್ಷತಾ ನಿಧಿ 2018ರಲ್ಲಿ ಸ್ಥಾಪಿತವಾಯಿತು. ಇವು ಬೀಜಧನ, ಮರ ಬೆಳೆಸುವಷ್ಟು ನೀರು ಇವುಗಳಲ್ಲಿಲ್ಲ. ಮೂರು, ಫಲವನ್ನು ಅಳೆದು ಕೊಡುವ ಸಾಲ. 2022ರಲ್ಲಿ ವಿಶ್ವಬ್ಯಾಂಕು ಏಳು ರಾಜ್ಯಗಳ ರಸ್ತೆ ಸುರಕ್ಷತೆಗೆಂದು 25 ಕೋಟಿ ಡಾಲರು ಮಂಜೂರುಮಾಡಿತು. ಅವುಗಳಲ್ಲಿ ತೆಲಂಗಾಣ ಉಂಟು, ಕರ್ನಾಟಕವಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಮನಾರ್ಹವಾದುದು ಬೆಳಗಾವಿ-ಯರಗಟ್ಟಿ ರಾಜ್ಯ ಹೆದ್ದಾರಿಯ ಪ್ರಯೋಗ. ಅಲ್ಲಿ ಸುರಕ್ಷತೆಗಾಗಿ ಯಾರೂ ಬೇರೆ ಸಾಲ ಬೇಡಲಿಲ್ಲ. ಹೆದ್ದಾರಿ ಸುಧಾರಣೆಗೆಂದು 2011ರಲ್ಲಿ ವಿಶ್ವಬ್ಯಾಂಕು ಕೊಟ್ಟ ದೊಡ್ಡ ಸಾಲದೊಳಗೇ ಸುರಕ್ಷತೆಗೆ ಒಂದು ಪಾಲನ್ನಿಟ್ಟರು. ಲೋಕೋಪಯೋಗಿ, ಪೊಲೀಸು, ಸಾರಿಗೆ, ಆರೋಗ್ಯ ಇಲಾಖೆಗಳು ಸುಮಾರು 62 ಕಿಲೋಮೀಟರು ದಾರಿಯ ಮೇಲೆ ಒಟ್ಟಾಗಿ ಕೆಲಸಮಾಡಿದವು: ತಿರುವು ತಿದ್ದುವುದು, ವೇಗ ತಡೆಯುವುದು, ಗಾಯಗೊಂಡವರನ್ನು ಬೇಗ ಆಸ್ಪತ್ರೆಗೆ ಸಾಗಿಸುವುದು. 2015ರಿಂದ 2018ರ ನಡುವೆ ಅಲ್ಲಿಯ ಸಾವುಗಳು ಅರ್ಧಕ್ಕೂ ಹೆಚ್ಚಾಗಿ ಇಳಿದವೆಂದು ವರದಿಯಾಯಿತು. ದೊಡ್ಡ ಸಾಲಕ್ಕೆ ಜಾಮೀನು ಹೇಗೂ ಸರಕಾರದ್ದು. ಅದರ ನೆರಳಿನಲ್ಲಿ ಚಿಕ್ಕ ಪಾಲು ಯಾರಿಗೂ ಹೊರೆಯೆನಿಸದು. ಕಾಲ್ಸೇತುವೆಯನ್ನು ಒಂಟಿಯಾಗಿ ಮಾರುಕಟ್ಟೆಗೆ ಒಯ್ದರೆ ಕೊಳ್ಳುವವರಿಲ್ಲ. ಅಂದಾಜುಪಟ್ಟಿಯ ಒಂದು ಸಾಲಾಗಿ ಬಂದರೆ ಅದು ಸದ್ದಿಲ್ಲದೆ ಕಟ್ಟಲ್ಪಡುತ್ತದೆ.

ಅಂಥ ಅಂದಾಜುಪಟ್ಟಿ ನಮ್ಮ ನಗರದ ಹೆಸರಿನಲ್ಲಿಯೂ ಸಿದ್ಧವಾಗಿದೆ. 2024ರ ನವೆಂಬರಿನಲ್ಲಿ ತೆಲಂಗಾಣ ಸರಕಾರ ಒಪ್ಪಿ ಕೇಂದ್ರಕ್ಕೆ ಕಳುಹಿಸಿದ ಮೆಟ್ರೋದ ಎರಡನೆಯ ಹಂತ 76.4 ಕಿಲೋಮೀಟರಿನದು, 24,269 ಕೋಟಿಯದು. ಈ ಸಲ ಕೇಂದ್ರ, ರಾಜ್ಯಗಳ ಜಂಟಿ ಯೋಜನೆಯಾಗಿ ಅದನ್ನು ರೂಪಿಸಿ, ಸುಮಾರು ಅರ್ಧದಷ್ಟನ್ನು ಸಾಲದಿಂದ ತರುವ ಲೆಕ್ಕಹಾಕಿದ್ದಾರೆ. ಪ್ರತಿ ನಿಲ್ದಾಣದ ಸುತ್ತ ಅರ್ಧ ಕಿಲೋಮೀಟರು ಕಾಲುದಾರಿ, ರಸ್ತೆ ದಾಟುವ ಸೌಕರ್ಯಗಳಿಗೆ ಈ ಮೊತ್ತದಲ್ಲಿ ಪ್ರತ್ಯೇಕ ಶೀರ್ಷಿಕೆಯೊಂದು ಇರಬೇಕೆಂದು ಕೇಳುವುದು ನಾಗರಿಕರ ಹಕ್ಕು. ಕೇಳಿದವರನ್ನು ಈಗ ಗಡೀಪಾರು ಮಾಡುವುದಿಲ್ಲ.

ಮೊನ್ನೆ ಆ ಹಿರಿಯರಿಬ್ಬರನ್ನೂ ಮನೆಗೆ ಕರೆಸಿ, ಸಾಲದ ಅರ್ಜಿಯ ಬದಲು ಮನವಿಪತ್ರದ ಕರಡನ್ನು ಬರೆದುಕೊಟ್ಟೆನು. ಶಾಲೆಯ ಮುಂದೆ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಎಷ್ಟು ಮಕ್ಕಳು ರಸ್ತೆ ದಾಟುತ್ತಾರೆಂದು ಒಂದು ವಾರ ಎಣಿಸಿ, ಆ ಪಟ್ಟಿಯನ್ನು ಲಗತ್ತಿಸಬೇಕೆಂದೂ ಹೇಳಿದೆನು. ಎಣಿಕೆ ಸೋಮವಾರದಿಂದ ಆರಂಭ.