ಪರದೇಶದಲ್ಲಿ ಕಳ್ಳನ ಬದುಕು: ರೋನಿ ಬಿಗ್ಸ್ ಪ್ರಕರಣ

1963ರ ಆಗಸ್ಟ್ 8ರ ನಸುಕಿನಲ್ಲಿ, ಗ್ಲಾಸ್ಗೋದಿಂದ ಲಂಡನ್ನಿಗೆ ಬರುತ್ತಿದ್ದ ಅಂಚೆ ರೈಲನ್ನು ತಡೆದ ತಂಡವೊಂದು ಸುಮಾರು 26 ಲಕ್ಷ ಪೌಂಡುಗಳ ನೋಟುಗಳನ್ನು ದೋಚಿತು. ತಂಡದಲ್ಲಿದ್ದ ರೋನಿ ಬಿಗ್ಸ್ ಮುಖಂಡನೇನಲ್ಲ. ಬಡಗಿ ಕೆಲಸ ಬಲ್ಲ, ಸಣ್ಣಪುಟ್ಟ ಕಳವುಗಳಿಗಾಗಿ ಸೆರೆಮನೆ ಕಂಡಿದ್ದ ಸಾಮಾನ್ಯ ಕಳ್ಳ. ಬದಲಿ ಚಾಲಕನೊಬ್ಬನನ್ನು ಕರೆತರುವುದು ಆತನ ಹೊಣೆಯಾಗಿತ್ತು. ಆ ಚಾಲಕನಿಗೋ ಅಲ್ಲಿದ್ದ ಡೀಸೆಲ್ ಎಂಜಿನನ್ನು ನಡೆಸಲು ಬರಲಿಲ್ಲ!

1964ರಲ್ಲಿ ಬಿಗ್ಸ್‌ಗೆ 30 ವರ್ಷಗಳ ಶಿಕ್ಷೆಯಾಯಿತು. 1965ರ ಜುಲೈಯಲ್ಲಿ ಆತ ಲಂಡನ್ನಿನ ವಾಂಡ್ಸ್‌ವರ್ತ್ ಸೆರೆಮನೆಯ ಗೋಡೆ ಹಾರಿದ. ಪಾಲಿಗೆ ಬಂದ ಹಣದ ಬಹುಭಾಗ ಪಲಾಯನಕ್ಕೆ, ಪ್ಯಾರಿಸ್ಸಿನಲ್ಲಿ ಮುಖ ಬದಲಿಸುವ ಶಸ್ತ್ರಚಿಕಿತ್ಸೆಗೆ, ಸುಳ್ಳು ಕಾಗದಪತ್ರಗಳಿಗೆ ಕರಗಿತು. ಆಸ್ಟ್ರೇಲಿಯಾದಲ್ಲಿ ಹೆಸರು ಮರೆಸಿಕೊಂಡು ಬಡಗಿಯಾಗಿ ದುಡಿದ. ಅಲ್ಲಿಯೂ ಪೊಲೀಸರು ಬೆನ್ನು ಹತ್ತಿದಾಗ ಹೆಂಡತಿ ಮಕ್ಕಳನ್ನು ಬಿಟ್ಟು 1970ರಲ್ಲಿ ಬ್ರೆಜಿಲ್‌ನ ರಿಯೋ ನಗರ ಸೇರಿದ.

1974ರಲ್ಲಿ ಸ್ಕಾಟ್ಲೆಂಡ್ ಯಾರ್ಡಿನ ಅಧಿಕಾರಿಗಳು ಅಲ್ಲಿಗೇ ಹೋಗಿ ಆತನನ್ನು ಹಿಡಿದರೂ ಕರೆತರಲಾಗಲಿಲ್ಲ. ಇದಕ್ಕೆ ಕಾರಣಗಳೆರಡು. ಬ್ರಿಟನ್ ಮತ್ತು ಬ್ರೆಜಿಲ್ ನಡುವೆ ಆಗ ಅಪರಾಧಿಗಳ ಹಸ್ತಾಂತರ ಒಪ್ಪಂದವಿರಲಿಲ್ಲ. ಅಲ್ಲದೆ, ಆತನ ಬ್ರೆಜಿಲಿಯನ್ ಸಂಗಾತಿ ಗರ್ಭಿಣಿಯಾಗಿದ್ದಳು. ಬ್ರೆಜಿಲ್ ಪ್ರಜೆಯಾಗುವ ಮಗುವಿನ ತಂದೆಯನ್ನು ದೇಶದಿಂದ ಹೊರಹಾಕಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ.

ಆದರೆ ನೆರಳು ಕೊಟ್ಟ ಕಾನೂನು ಅನ್ನದ ದಾರಿಯನ್ನು ಮುಚ್ಚಿತ್ತು. ಆತ ಉದ್ಯೋಗ ಮಾಡುವಂತಿರಲಿಲ್ಲ, ರಾತ್ರಿ ಹತ್ತರ ಮೇಲೆ ಹೊರಗಿರುವಂತಿರಲಿಲ್ಲ. ಪೊಲೀಸರೆದುರು ನಿಯತವಾಗಿ ಹಾಜರಾಗಬೇಕಿತ್ತು. ಉಳಿದದ್ದು ಕುಖ್ಯಾತಿಯೊಂದೇ. ಹಣ ಪಡೆದು ಪ್ರವಾಸಿಗರಿಗೆ ಮನೆಯಲ್ಲಿ ಊಟವಿಕ್ಕಿ ತನ್ನ ಕಥೆ ಹೇಳಿದ. ತನ್ನ ಹೆಸರಿನ ಟೀ ಶರ್ಟು ಮಾರಿದ. 1981ರಲ್ಲಿ ಕೆಲವರು ಆತನನ್ನು ಅಪಹರಿಸಿ ಬಾರ್ಬಡೋಸಿಗೆ ಒಯ್ದರು. ಅಲ್ಲಿಯ ನ್ಯಾಯಾಲಯ ಬ್ರಿಟನ್ನಿಗೆ ಒಪ್ಪಿಸಲು ನಿರಾಕರಿಸಿದ್ದರಿಂದ ಮರಳಿ ರಿಯೋ ಸೇರಿದ. 1997ರ ವೇಳೆಗೆ ಹಸ್ತಾಂತರ ಒಪ್ಪಂದವೂ ಜಾರಿಗೆ ಬಂತು. ಆದರೆ ಅಪರಾಧ ನಡೆದು ಬಹುಕಾಲ ಸಂದಿದೆಯೆಂದು ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ ಬ್ರಿಟನ್ನಿನ ಕೋರಿಕೆಯನ್ನು ತಳ್ಳಿಹಾಕಿತು.

ಯಾವ ಸರಕಾರಕ್ಕೂ ಸಿಗದ ಬಿಗ್ಸ್, ಪಾರ್ಶ್ವವಾಯುವಿನಿಂದ ಜರ್ಜರಿತನಾಗಿ, 2001ರ ಮೇ 7ರಂದು ತಾನಾಗಿಯೇ ಲಂಡನ್ನಿಗೆ ಮರಳಿ ಸೆರೆಯಾದ. ಅನಾರೋಗ್ಯದ ಕಾರಣ 2009ರಲ್ಲಿ ಬಿಡುಗಡೆ ಹೊಂದಿ, 2013ರಲ್ಲಿ ನಿಧನನಾದ.

ಈ ಸಾಹಸಕಥೆಯನ್ನು ಓದುವಾಗ ರೈಲಿನ ಚಾಲಕ ಜ್ಯಾಕ್ ಮಿಲ್ಸ್‌ರನ್ನು ಮರೆಯಬಾರದು. ಅಂದು ದರೋಡೆಕೋರರು ಅವರ ತಲೆಗೆ ಹೊಡೆದಿದ್ದರು. ಆ ಬಳಿಕ ಅವರಿಗೆ ಪೂರ್ಣ ಆರೋಗ್ಯ ಮರಳಲೇ ಇಲ್ಲ. ಬಿಗ್ಸ್ ರಿಯೋ ತಲುಪಿದ 1970ರಲ್ಲಿಯೇ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.