ಮನಸ್ಸು ಬರಲಿ ಎಂದು ಕಾಯಬೇಕೇ?

ನಮ್ಮ ಮನೆಗಳಲ್ಲಿ ‘ಬೇಜಾರು’ ಎಂಬ ಒಂದೇ ಮಾತು ಎಲ್ಲಕ್ಕೂ ಸಾಕು. ಮಳೆಯಿಂದ ಆಟ ನಿಂತರೂ ಬೇಜಾರು, ಮಾರ್ಕ್ಸ್ ಕಡಿಮೆಯಾದರೂ ಬೇಜಾರು. ಆದರೆ ಎರಡು ವಾರ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಜೊತೆಗೆ ನಿದ್ದೆ, ಹಸಿವು, ಓದು ಏರುಪೇರಾದರೆ, ಅದು ಖಿನ್ನತೆ ಇರಬಹುದು. ಮನೆಯವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ.

ಖಿನ್ನತೆ ಒಂದು ಸುಳಿ. ಮನಸ್ಸಿಲ್ಲವೆಂದು ಗೆಳೆಯರ ಫೋನ್ ಎತ್ತುವುದಿಲ್ಲ, ಹೊರಗೆ ಹೋಗುವುದಿಲ್ಲ. ಖುಷಿ ಬರುತ್ತಿದ್ದ ದಾರಿಗಳೆಲ್ಲ ಮುಚ್ಚುತ್ತವೆ. ಮನಸ್ಸು ಇನ್ನಷ್ಟು ಕುಗ್ಗುತ್ತದೆ.

ಈ ಸುಳಿಯನ್ನು ಎಲ್ಲಿ ಕತ್ತರಿಸಬೇಕು? ಉತ್ತರ ಹುಡುಕಿದ್ದು ನಮ್ಮ ಸಿಯಾಟಲ್‌ನಲ್ಲೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು, ಆಲೋಚನೆಗಳನ್ನು ತಿದ್ದುವ ಕಾಗ್ನಿಟಿವ್ ಥೆರಪಿಯನ್ನು ಬಿಡಿ ಭಾಗಗಳಾಗಿ ಮಾಡಿ ಪರೀಕ್ಷಿಸಿದರು. ಆಲೋಚನೆಯನ್ನು ಮುಟ್ಟದೆ, ದಿನಚರಿಯನ್ನು ಮಾತ್ರ ಬದಲಿಸಿದವರೂ ಪೂರ್ತಿ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡರು ಎಂದು 1996ರಲ್ಲಿ ವರದಿ ಮಾಡಿದರು. ಇದೇ ಬಿಹೇವಿಯರಲ್ ಆಕ್ಟಿವೇಶನ್. 2006ರಲ್ಲಿ ಸೋನಾ ಡಿಮಿಡ್ಜಿಯನ್ ಮತ್ತು ತಂಡ 241 ಜನರ ಅಧ್ಯಯನ ಪ್ರಕಟಿಸಿತು. ತೀವ್ರ ಖಿನ್ನತೆಯಲ್ಲಿ ಈ ಕ್ರಮ ಮಾತ್ರೆಗೆ ಸರಿಸಮನಾಗಿ ನಿಂತಿತು.

ಮಾಡುವುದು ಹೇಗೆ? ಮೊದಲು ಒಂದು ವಾರ, ಗಂಟೆಗಂಟೆಗೆ ಏನು ಮಾಡಿದಿರಿ, ಮನಸ್ಸು ಹೇಗಿತ್ತು ಎಂದು ಬರೆದಿಡುವುದು. ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದೀರಿ ಎಂಬುದು ಅಲ್ಲಿ ಕಾಣುತ್ತದೆ. ಆಮೇಲೆ ಒಂದು ಸಣ್ಣ ಕೆಲಸಕ್ಕೆ ಸಮಯ ಗೊತ್ತುಮಾಡುವುದು: ‘ವ್ಯಾಯಾಮ ಶುರು ಮಾಡುತ್ತೇನೆ’ ಎಂದಲ್ಲ, ‘ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ನಡೆಯುತ್ತೇನೆ’ ಎಂದು. ಮನಸ್ಸು ಬಂದ ಮೇಲೆ ಕೆಲಸವಲ್ಲ. ಕೆಲಸದ ಹಿಂದೆ ಮನಸ್ಸು ಬರುತ್ತದೆ. ‘ಎದ್ದು ಓಡಾಡು, ಸರಿಹೋಗುತ್ತೆ’ ಎಂಬ ಗದರಿಕೆಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಹೆಜ್ಜೆ ಚಿಕ್ಕದು, ಪಕ್ಕದಲ್ಲಿ ಒಬ್ಬರಿರುತ್ತಾರೆ.

ಆ ‘ಒಬ್ಬರು’ ದೊಡ್ಡ ಡಾಕ್ಟರೇ ಆಗಬೇಕಿಲ್ಲ. ಕರ್ನಾಟಕದ ಪಕ್ಕದ ಗೋವಾದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 495 ಜನರ ಮೇಲೆ ವಿಕ್ರಮ್ ಪಟೇಲ್ ತಂಡ ಅಧ್ಯಯನ ನಡೆಸಿತು. ಈ ಕ್ರಮವನ್ನೇ ಆಧರಿಸಿದ ಆಪ್ತಸಲಹೆಯನ್ನು ತರಬೇತಿ ಪಡೆದ ಸಾಮಾನ್ಯ ಜನರೇ ಕೊಟ್ಟರು. ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಈ ಸಲಹೆಯನ್ನೂ ಪಡೆದವರು ಹೆಚ್ಚು ಸುಧಾರಿಸಿದರು ಎಂದು 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು.

ಒಂದು ಎಚ್ಚರ. ಕುಗ್ಗುವುದರ ಜೊತೆಗೆ, ಕೆಲವೊಮ್ಮೆ ನಿದ್ದೆಯೇ ಬೇಡವೆನಿಸುವಷ್ಟು ಉಬ್ಬರವೂ ಬರುತ್ತಿದ್ದರೆ ಅದು ಬೈಪೋಲಾರ್ ಇರಬಹುದು. ಅದರ ಚಿಕಿತ್ಸೆ ಬೇರೆ, ವೈದ್ಯರನ್ನು ನೋಡಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬದುಕೇ ಬೇಡವೆನಿಸಿದರೆ ತಡಮಾಡದೆ 988ಕ್ಕೆ ಫೋನ್ ಅಥವಾ ಟೆಕ್ಸ್ಟ್ ಮಾಡಿ. ಹಗಲೂ ರಾತ್ರಿ ಅಲ್ಲಿ ಜನರಿರುತ್ತಾರೆ.